ಗುಂಡಿ ಅಂಗಡಿಯ ಬೀಗ

ಹಳೇ ಪೇಟೆಯಲ್ಲಿ ಈಗ ಹಾಡಹಗಲೇ ರಸ್ತೆಯ ನಟ್ಟನಡುವೆ ನಡೆಯಬಹುದು, ಯಾರೂ ಹಾರ್ನ್ ಹೊಡೆಯುವುದಿಲ್ಲ. ವ್ಯಾಪಾರವೆಲ್ಲ ಗಂಟುಮೂಟೆ ಕಟ್ಟಿಕೊಂಡು ಬಸ್ ನಿಲ್ದಾಣದ ಹತ್ತಿರದ ಹೊಸ ಕಾಂಪ್ಲೆಕ್ಸಿಗೆ ಹೋಯಿತು. ಉಳಿದದ್ದು ಎರಡಂತಸ್ತಿನ ಕಟ್ಟಡಗಳ ಎರಡು ಸಾಲು. ಗೋಡೆಯ ಬಿರುಕಿನಲ್ಲಿ ಹುಟ್ಟಿದ ಗಿಡಗಳು ಮರವಾಗುವ ಹುನ್ನಾರದಲ್ಲಿವೆ. ಮಹಡಿಯ ಕಿಟಕಿಗಳಲ್ಲಿ ಗಾಜಿನ ಬದಲು ಪಾರಿವಾಳಗಳು. ಕೆಳಗೆ ಸಾಲಾಗಿ ಇಳಿದ ಶಟರುಗಳು, ಅವುಗಳ ಮೇಲೆ ಎಂದೋ ಮುಗಿದುಹೋದ ಸರ್ಕಸ್ಸಿನ ಭಿತ್ತಿಪತ್ರಗಳು. ತೆರೆದಿರುವುದು ಕ್ಷೌರದಂಗಡಿ ಒಂದೇ. ನೆಲಕ್ಕೆ ಬಿಗಿದ ಕುರ್ಚಿಯ ಬೋಲ್ಟು ಬಿಚ್ಚಲು ಬಾರದೆ ಕ್ಷೌರಿಕ ಅಲ್ಲೇ ಉಳಿದಿದ್ದಾನೆ ಎಂದು ಜನ ಆಡಿಕೊಳ್ಳುತ್ತಾರೆ.

ಈ ಬೀದಿಯ ಶಟರುಗಳನ್ನೆಲ್ಲ ರಿಪೇರಿ ಮಾಡುತ್ತ ಬಂದವನು ಶಟರಣ್ಣ. ಅಪ್ಪ ಅಮ್ಮ ಇಟ್ಟ ಹೆಸರು ಈಗ ಅವನ ತಂಗಿಗೂ ತಟ್ಟನೆ ನೆನಪಾಗದು. ಶಟರನ್ನು ಬಹಳ ಕಾಲ ಎತ್ತದೆ ಬಿಟ್ಟರೆ ಮೇಲಿನ ಸ್ಪ್ರಿಂಗ್ ಸತ್ತುಹೋಗುತ್ತದೆ, ಪಟ್ಟಿಗಳು ಒಂದನ್ನೊಂದು ಕಚ್ಚಿಕೊಳ್ಳುತ್ತವೆ, ಆಮೇಲೆ ಆನೆ ಬಂದು ದೂಡಿದರೂ ಜಪ್ಪಯ್ಯ ಎನ್ನುವುದಿಲ್ಲ. ಅದಕ್ಕೇ ಬೀಗ ಹಾಕಿ ಪರವೂರಿಗೆ ಹೋಗುವ ಅಂಗಡಿಯವರು ಒಂದು ಕೀಲಿಯನ್ನು ಅವನ ಕೈಗೆ ಕೊಟ್ಟು ಹೋಗುವುದು ಬೀದಿಯ ರೂಢಿ. ಅವನು ಆಗಾಗ ಹೋಗಿ ಎದೆಮಟ್ಟಕ್ಕೆ ಎತ್ತಿ, ಎರಡೂ ಬದಿಗೆ ಗ್ರೀಸ್ ಸವರಿ, ಇಳಿಸಿ ಬರುತ್ತಿದ್ದ. ಅಂಗಡಿಗಳು ಶಾಶ್ವತವಾಗಿ ಮುಚ್ಚುತ್ತ ಹೋದ ಹಾಗೆ ಕೀಲಿಗಳೂ ವಾಪಸು ಹೋದವು. ಕೊನೆಗೆ ಅವನ ಬಳಿ ಉಳಿದದ್ದು ಒಂದೇ ಒಂದು.

ಅದು ಗುಂಡಿ ಅಂಗಡಿಯದು. ಅಂಗಿಯ ಗುಂಡಿ, ದಾರ, ಸೂಜಿ, ಲೇಸು ಮಾರುವ ಆ ಕಿರಿದಾದ ಅಂಗಡಿಯನ್ನು ತಂದೆಯ ನಂತರ ಮಗಳು ನಡೆಸುತ್ತಿದ್ದರು. ಯಾರಾದರೂ ಮದುವೆಯ ಮಾತು ತೆಗೆದರೆ, “ಯಾವ ಬಣ್ಣದ ದಾರ ಬೇಕು ಹೇಳಿ” ಎಂದು ಬಾಯಿ ಮುಚ್ಚಿಸುವ ಹೆಂಗಸು. ಊರಿಗೆ ಊರೇ ಅವನನ್ನು ಅಣ್ಣ ಎನ್ನುವಾಗ ಅವರೊಬ್ಬರು ಮಾತ್ರ “ಶಟರ್‌ನವರೇ” ಎಂದು ಕರೆಯುತ್ತಿದ್ದರು. ಅಣ್ಣ ಎಂಬ ಮಾತು ಅವರ ಬಾಯಿಂದ ತಪ್ಪಿಯೂ ಬರಲಿಲ್ಲ. ಬಾರದ ಆ ಒಂದು ಮಾತಿನ ಮೇಲೆ ಶಟರಣ್ಣ ಎಷ್ಟು ಆಸೆ ಕಟ್ಟಿಕೊಂಡಿದ್ದ ಎಂಬುದು ಅವನಿಗಷ್ಟೇ ಗೊತ್ತು.

ಒಂದು ಬೆಳಿಗ್ಗೆ ಅವರು ಕೈಯಲ್ಲಿ ಚೀಲ ಹಿಡಿದು ಬಂದು ಕೀಲಿ ಕೊಟ್ಟರು.

“ಅಕ್ಕನಿಗೆ ಹುಷಾರಿಲ್ಲ, ನೋಡ್ಕೊಳ್ಳೋರೂ ಇಲ್ಲ. ಹೋಗಿ ಬರ್ತೀನಿ. ಬಾಗಿಲು ಆಗಾಗ ಎತ್ತಿ ಇಳಿಸ್ತಾ ಇರಿ.”

“ಅದರ ಚಿಂತೆ ಬಿಡಿ. ನೀವು ಬಂದಾಗ ಒಂದು ಬೆರಳಲ್ಲಿ ಎತ್ತೋ ಹಾಗಿರತ್ತೆ.”

“ಬಂದೇ ಬರ್ತೀನಿ,” ಎಂದರು ಅವರು.

ಯಾವ ಊರು ಎಂದು ಕೇಳಬಹುದಿತ್ತು, ಫೋನ್ ನಂಬರ್ ಕೇಳಬಹುದಿತ್ತು. ಕೇಳಿದರೆ ಸಲಿಗೆ ಅತಿಯಾಯಿತು ಅಂದುಕೊಂಡಾರು ಎಂದು ಆ ಮಹಾನುಭಾವ ತಲೆ ಕೆರೆದುಕೊಂಡು ನಿಂತ. ಅವರು ಹತ್ತಿದ ಬಸ್ಸು ಹೊರಟುಹೋಯಿತು.

ವರ್ಷಗಳು ಕಳೆದವು. ಶಟರಣ್ಣ ಗುಂಡಿ ಅಂಗಡಿಯ ಶಟರನ್ನು ಎತ್ತುವುದು ತಪ್ಪಿಸಲಿಲ್ಲ. ಎತ್ತಿದಾಗ ಒಳಗೆ ಬಿಸಿಲು ಬೀಳುತ್ತಿತ್ತು. ಗೋಡೆಯ ತುಂಬ ಪುಟ್ಟ ಪುಟ್ಟ ಡ್ರಾಯರುಗಳು, ಒಳಗೇನಿದೆ ಎಂದು ತಿಳಿಯಲು ಪ್ರತಿಯೊಂದರ ಮುಖಕ್ಕೂ ಒಂದೊಂದು ಗುಂಡಿ ಅಂಟಿಸಿತ್ತು. ಗಲ್ಲಾಪೆಟ್ಟಿಗೆಯ ಹಿಂದೆ ಅವರು ಕೂರುವ ಸ್ಟೂಲು. ಅವನು ಹೊಸ್ತಿಲು ದಾಟುತ್ತಿರಲಿಲ್ಲ. ಬಗ್ಗಿ ಅದನ್ನೆಲ್ಲ ನೋಡುತ್ತ ನಿಲ್ಲುತ್ತಿದ್ದ, ಸೊಂಟ ಹಿಡಿದುಕೊಂಡಾಗ ಶಟರು ಇಳಿಸಿ ಮನೆಗೆ ಹೋಗುತ್ತಿದ್ದ.

“ಅಣ್ಣಾ, ಆ ಬಾಗಿಲಿಗೆ ಸುರಿದಷ್ಟು ಎಣ್ಣೆ ನಿನ್ನ ಮಂಡಿಗೆ ಹಚ್ಕೊಂಡಿದ್ರೆ ಇಷ್ಟೊತ್ತಿಗೆ ಓಟದ ಪಂದ್ಯ ಗೆಲ್ತಿದ್ದೆ,” ಎನ್ನುತ್ತಿದ್ದಳು ತಂಗಿ. ಅವಳಿಗೆ ಎಲ್ಲವೂ ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ಊಟಕ್ಕೆ ಬಡಿಸುತ್ತಿದ್ದಳು.

ಒಂದು ಮಳೆಗಾಲದಲ್ಲಿ ಥಂಡಿ ಹಿಡಿದ ಬೀಗದೊಳಗೆ ಅವನ ಕೀಲಿ ಮುರಿದು ಕೂತಿತು. ಕೀಲಿ ಮಾಡುವವನು ಮುರಿದ ತುಂಡು ನೋಡಿ ನಕ್ಕುಬಿಟ್ಟ. ಆ ಕಾಲದ ಬೀಗಕ್ಕೆ ಈಗ ಕೀಲಿ ಮಾಡುವವರೇ ಇಲ್ಲವಂತೆ. ಗುಂಡಿ ಅಂಗಡಿಯವರ ತಂದೆಯ ಕಾಲದ ಬೀಗವನ್ನು ಒಡೆಯಲು ಶಟರಣ್ಣನಿಗೆ ಮನಸ್ಸು ಬರಲಿಲ್ಲ. ಬೀಗ ನೇತಾಡುತ್ತಿದ್ದ ಕೊಂಡಿಯನ್ನೇ ಕೊಯ್ದು, ಹೊಸ ಕೊಂಡಿ ಬೆಸೆದು, ಫಳಫಳ ಹೊಳೆಯುವ ಹೊಸ ಬೀಗ ಜಡಿದ. ಶಟರು ಮತ್ತೆ ಸಲೀಸಾಗಿ ಎದ್ದಿತು. ಕೆಲಸ ಅಚ್ಚುಕಟ್ಟಾಯಿತೆಂದು ಖುಷಿಪಟ್ಟ.

ಅವನು ಹೊಸ ಕಾಂಪ್ಲೆಕ್ಸಿನಲ್ಲಿ ಕೆಲಸದಲ್ಲಿದ್ದ ಒಂದು ದಿನ ಅವರು ಬಂದರು.

ಮರುದಿನ ಕ್ಷೌರಿಕನೇ ಹೇಳಿದ. “ಕನ್ನಡಿಯಲ್ಲಿ ಕಾಣ್ತಿತ್ತು ಮಾರಾಯ. ಯಾರೋ ಹೆಂಗಸು ಬಂದು ಬೀಗಕ್ಕೆ ಕೀಲಿ ಹಾಕಿದ್ರು. ಒಳಗೆ ಹೋಗ್ಲಿಲ್ಲ. ಕರ್ಚೀಫಲ್ಲಿ ಒರೆಸಿ ಮತ್ತೆ ಹಾಕಿದ್ರು. ಆಮೇಲೆ ಬೀಗಾನ ಕೈಯಲ್ಲಿ ಹಿಡ್ಕೊಂಡು ನೋಡ್ತಾ ನಿಂತ್ರು. ನಾನೋ, ಗಿರಾಕಿ ಗಂಟಲ ಮೇಲೆ ಕತ್ತಿ ಇಟ್ಟಿದ್ದೆ. ಹೊರಗೆ ಬರೋಷ್ಟರಲ್ಲಿ ತಿರುವಿನವರೆಗೆ ಹೋಗಿದ್ರು. ಆಗ ಗುರುತು ಸಿಕ್ತು, ಗುಂಡಿ ಅಂಗಡಿಯವರು. ಕೂಗಿದೆ, ಕೇಳಿಸ್ಲಿಲ್ಲ.”

ಶಟರಣ್ಣ ಹೊಸ ಬೀಗದ ಕಡೆ ತಿರುಗಿ ನೋಡಿದ. ಅಂಗಡಿ ಬೇರೆಯವರ ಪಾಲಾಗಿದೆ ಎಂದುಕೊಂಡೇ ಅವರು ಹೋಗಿರಬೇಕು. ಹೊಸ ಬೀಗ ನೋಡಿದ ಯಾರಾದರೂ ಅದನ್ನೇ ಅಂದುಕೊಳ್ಳುತ್ತಾರೆ. ಇಷ್ಟು ವರ್ಷ ಯಾರಿಗಾಗಿ ಬಾಗಿಲು ಕಾಯ್ದನೋ ಅವರನ್ನೇ ತನ್ನ ಕೈಯಾರೆ ಹೊರಗೆ ನಿಲ್ಲಿಸಿ ಕಳಿಸಿದ್ದ. ಅವನು ಗುಂಡಿ ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತ. ಕ್ಷೌರಿಕ ಪಕ್ಕದಲ್ಲಿ ಬಂದು ಕೂತ.

ಮನೆಗೆ ಹೋದವನೇ ಹಳೆಯ ಬೀಗವನ್ನು ಹುಡುಕಿ ತೆಗೆದು ಸೀಮೆಎಣ್ಣೆಯಲ್ಲಿ ನೆನೆಹಾಕಿದ. ತಂತಿ, ಇಕ್ಕಳ, ಸಣ್ಣ ಸುತ್ತಿಗೆ ಹಿಡಿದು ದಿನಗಟ್ಟಲೆ ಅದರ ಬೆನ್ನು ಬಿದ್ದ. ಕೊನೆಗೂ ಬೀಗ ಬಾಯಿಬಿಟ್ಟಿತು. ಒಳಗಿದ್ದ ಕೀಲಿಯ ಚೂರು ಪುಡಿಪುಡಿಯಾಗಿ ಉದುರಿತು. ತಂಗಿ ಹಳೆಯ ಬಟ್ಟೆ ತಂದುಕೊಟ್ಟಳು. ಅಂದು ಅವಳು ಗೇಲಿ ಮಾಡಲಿಲ್ಲ.

ಅವನು ಹೊಸ ಬೀಗ ತೆಗೆದು ಹಳೆಯದನ್ನು ಕೊಂಡಿಗೆ ಸಿಕ್ಕಿಸುವಾಗ ಕ್ಷೌರಿಕ ಓಡಿಬಂದ.

“ತಲೆ ಕೆಟ್ಟಿದೆಯಾ? ಅದು ಒತ್ತಿದ್ರೆ ಬೀಳೋ ಬೀಗ. ಬಿದ್ರೆ ನಿನಗೂ ತೆಗೆಯೋಕಾಗಲ್ಲ. ಹೊಸದೇ ಇರ್ಲಿ, ಕೀಲಿ ಶಟರಣ್ಣನ ಹತ್ರ ಇದೆ ಅಂತ ಒಂದು ಚೀಟಿ ಅಂಟಿಸು, ಸಾಕು.”

“ತಮ್ಮ ಅಂಗಡಿ ಮುಂದೆ ನಿಂತ್ಕೊಂಡು ಅವರು ಇನ್ನೊಬ್ಬರ ಹತ್ರ ಕೀಲಿ ಕೇಳ್ಬೇಕಾ?”

“ಮತ್ತೆ ಬರ್ತಾರೆ ಅಂತ ಏನು ಗ್ಯಾರಂಟಿ?”

ಶಟರಣ್ಣ ಒಂದೇ ಒಂದು ಸಲ ಶಟರನ್ನು ಎದೆಮಟ್ಟಕ್ಕೆ ಎತ್ತಿದ. ಗ್ರೀಸಿನ ಡಬ್ಬಿಯಲ್ಲಿದ್ದದ್ದನ್ನೆಲ್ಲ ಬಳಿದು ಎರಡೂ ಬದಿಗೆ ಮೆತ್ತಿದ. ಒಳಗೆ ಕಣ್ಣು ತುಂಬ ನೋಡಿದ. ಇಳಿಸಿ, ಬೀಗ ಒತ್ತಿದ. ಈಗ ಆ ಬೀಗ ತೆರೆಯುವ ಕೀಲಿ ಲೋಕದಲ್ಲಿ ಒಂದೇ, ಅದು ಅವರ ಹತ್ತಿರ ಇದೆ.

ಅವನು ಈಗಲೂ ಆ ಬೀದಿಗೆ ಬರುತ್ತಾನೆ, ಶಟರಿನ ಮೇಲೆ ಅಂಗೈ ಇಟ್ಟು ನೋಡುತ್ತಾನೆ. ಎತ್ತದೆ ಬಿಟ್ಟ ಶಟರು ಎಷ್ಟು ಕಾಲ ತಡೆದೀತು ಎಂಬುದು ಅವನಿಗೆ ಚೆನ್ನಾಗಿ ಗೊತ್ತು. ಅವರು ಬೇಗ ಬಂದರೆ ಬೀಗವೂ ತೆರೆಯುತ್ತದೆ, ಶಟರೂ ಏಳುತ್ತದೆ. ತಡವಾದರೆ ಬೀಗ ಮಾತ್ರ ತೆರೆಯುತ್ತದೆ.