ನರ್ಸಬಾಯಿಯ ಎದೆಯಲ್ಲಿ ಬೆಳೆದ ಸಣ್ಣ ನಾಳಗಳು

"ಸಂಗಡ ಯಾರು ಬಂದಾರ್ರಿ?" ಎಂದು ಆಸ್ಪತ್ರೆಯ ಸಿಸ್ಟರ್ ಮೂರನೇ ಸಲ ಕೇಳಿದಾಗ, ಫಾರ್ಮ್ ಇಸಿದುಕೊಂಡು ನಾನೇ ಸಹಿ ಹಾಕಿದೆ.

ಗುಲಬರ್ಗಾದಲ್ಲಿ ನನಗೆ ಆಂಜಿಯೋಗ್ರಾಮ್ ಆಗಬೇಕಿತ್ತು. ಹುಮನಾಬಾದಿನ ಆಫೀಸಿನ ಮೆಟ್ಟಿಲು ಹತ್ತುವಾಗ ಎದೆ ಹಿಂಡಿದಂತಾಗಿ ಅಲ್ಲೇ ಕುಸಿದು ಕೂತಿದ್ದೆ. ಎರಡು ಸಾವಿರದ ಇಸವಿಯ ಈಚಿನ ಮಾತು. ನನಗಾಗ ಐವತ್ತೊಂದು.

ಬಸವಕಲ್ಯಾಣದ ಅಣ್ಣನಿಗೆ ಫೋನ್ ಮಾಡಿಸಿದ್ದೆ. ಬಿತ್ತಿಗೆ ಮುಗಿಸಿ ಬರುತ್ತೇನೆ ಅಂದನಂತೆ. ಅವನದು ತಪ್ಪು ಅನ್ನಲಾರೆ... ಮಳೆ ಆಗಲೇ ಬಿದ್ದಿತ್ತು.

ಡಾಕ್ಟರು ಚಿಕ್ಕ ವಯಸ್ಸಿನವರು. ಸ್ಕ್ರೀನ್ ನನ್ನ ಕಡೆ ತಿರುಗಿಸಿ, ಹೃದಯದ ಒಂದು ದೊಡ್ಡ ನಾಳ ಪೂರ್ತಿ ಮುಚ್ಚಿದೆ ಎಂದರು.

ಆಮೇಲೆ ಪಕ್ಕದ ನಾಳದಿಂದ ಹೊರಟು, ಮುಚ್ಚಿದ ಜಾಗದಾಚೆ ಹೋಗಿ ಸೇರುವ ಕೂದಲೆಳೆಯಂಥ ಗೆರೆಗಳನ್ನು ತೋರಿಸಿದರು. ಇಷ್ಟು ದಿನ ಅಲ್ಲಿಗೆ ರಕ್ತ ಮುಟ್ಟಿಸಿದ್ದು ಇವೇ ಅಂತೆ.

"ಮೊದಲ ಏನ್ ಕೆಲಸ ಮಾಡ್ತಿದ್ರಿ ನೀವು?"

"ನಡಿಯೋದೇ ಕೆಲಸ ಇತ್ರಿ."

ತೊಂಬತ್ತರ ದಶಕವಿಡೀ ನಾನು ದುಬಲಗುಂಡಿ ಕಡೆಯ ಹಳ್ಳಿಗಳ ನರ್ಸಬಾಯಿ. ಲಸಿಕೆ ಡಬ್ಬಿ ಹೆಗಲಿಗೆ ಹಾಕಿಕೊಂಡು ಊರಿಂದ ತಾಂಡಾಕ್ಕೆ, ತಾಂಡಾದಿಂದ ಹೊಲದ ಗುಡಿಸಲಿಗೆ.

ಒಮ್ಮೊಮ್ಮೆ ಎದೆ ಬಿಗಿಯುತ್ತಿತ್ತು. ಬೇವಿನ ಗಿಡದ ನೆರಳಲ್ಲಿ ಸ್ವಲ್ಪ ನಿಂತರೆ ಹೋಗುತ್ತಿತ್ತು. ಗ್ಯಾಸ್ ಅಂದುಕೊಂಡು ಮುಂದೆ ನಡೆಯುತ್ತಿದ್ದೆ. ಹೇಳಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ. ಮದುವೆಯಾದ ಎರಡನೇ ವರ್ಷಕ್ಕೇ ನಮ್ಮ ಮನೆಯವರು ತೀರಿಕೊಂಡಿದ್ದರು.

ಮುಂದೆ ಪ್ರಮೋಶನ್ ಬಂತು. ಹುಮನಾಬಾದಿನಲ್ಲಿ ಕುರ್ಚಿ, ಟೇಬಲ್ಲು, ರಜಿಸ್ಟರು. ನಡಿಗೆ ನಿಂತಿತು. ಹಳ್ಳಿಯಲ್ಲಿ ಬಾಗಿಲಿಗೊಬ್ಬರು ಮಾತಾಡಿಸುತ್ತಿದ್ದರು, ಅದೂ ನಿಂತಿತು.

ನಾಳ ನಿಧಾನವಾಗಿ ಮುಚ್ಚುವಾಗ ಹೃದಯ ಹೀಗೆ ಪಕ್ಕದ ಸಣ್ಣ ನಾಳಗಳನ್ನು ಬೆಳೆಸಿಕೊಳ್ಳುವುದುಂಟು, ನಡೆಯುವವರಲ್ಲಿ ಅದಕ್ಕೆ ಇನ್ನಷ್ಟು ಒತ್ತಾಸೆ ಸಿಗುತ್ತದೆ ಎಂದರು ಡಾಕ್ಟರು. ನಿಮ್ಮಲ್ಲಿ ನಡಿಗೆಯಿಂದಲೇ ಆಯಿತು ಅಂತ ಖಾತ್ರಿ ಹೇಳಲಾರೆ ಅಂತಲೂ ಅಂದರು. ಸದ್ಯಕ್ಕೆ ಆಪರೇಷನ್ ಬೇಡ, ಗುಳಿಗೆ ತಪ್ಪಿಸಬೇಡಿ, ನಿಧಾನವಾಗಿ ಮತ್ತೆ ನಡೆಯಲು ಶುರು ಮಾಡಿ.

ಮೂರನೇ ದಿನ ಅಣ್ಣ ಬಂದ. ಡಬ್ಬಿಯಲ್ಲಿ ರೊಟ್ಟಿ, ಪುಂಡಿಪಲ್ಯ ತಂದಿದ್ದ. ಒಂದು ತಾಸು ಕೂತು, ಬಸ್ಸಿನ ಟೈಮ್ ನೋಡಿ ಎದ್ದ.

ಹುಮನಾಬಾದಿಗೆ ಬಂದ ಮೇಲೆ, ಮೊದಲ ದಿನ ಬೆಳಿಗ್ಗೆ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲೇ ನಿಂತುಬಿಟ್ಟೆ. ದಾರಿಯಲ್ಲಿ ಬಿದ್ದರೆ?

ಚೀಟಿಯಲ್ಲಿ ನನ್ನ ಹೆಸರು, ಅಣ್ಣನ ಹೆಸರು ಬರೆದು, ನಾಲಿಗೆ ಕೆಳಗಿಡುವ ಗುಳಿಗೆಯ ಜೊತೆ ಪರ್ಸಿನಲ್ಲಿಟ್ಟೆ. ಆಮೇಲೆ ಹೊರಟೆ.

ತಿಂಗಳಾಗಿರಬೇಕು. ದುಬಲಗುಂಡಿ ರೋಡಿನಲ್ಲಿ ಎದೆ ಬಿಗಿಯಿತು. ಸಣ್ಣ ಸೇತುವೆಯ ಕಟ್ಟೆ ಮೇಲೆ ಕೂತು ಗುಳಿಗೆ ಇಟ್ಟುಕೊಂಡೆ. ಕಳೆ ತೆಗೆಯಲು ಹೊರಟಿದ್ದ ಹೆಂಗಸರ ಗುಂಪು ದಾಟಿ ಹೋಯಿತು. ಒಬ್ಬಳು ಮಾತ್ರ ಹಿಂದೆ ಉಳಿದು ನನ್ನ ಪಕ್ಕ ಕೂತಳು.

"ಎಲ್ಲಿಗಿ ಹೊಂಟೀರಿ ಅಕ್ಕ?"

"ಎಲ್ಲಿಗೂ ಇಲ್ಲ ತಂಗಿ. ಸುಮ್ನ ನಡಿಯಾಕತ್ತೀನಿ."

ಕೆಲಸವಿಲ್ಲದೆ ನಡೆಯುವವರನ್ನು ಅವಳು ಕಂಡಿರಲಿಲ್ಲ. ನಕ್ಕಳು. ನೋವು ಇಳಿಯುವ ತನಕ ಕೂತಿದ್ದು, ನಾನು ಎದ್ದು ನಿಂತದ್ದು ನೋಡಿಯೇ ತನ್ನವರ ಹಿಂದೆ ಓಡಿದಳು.

ಮರುದಿನದಿಂದ ಅವಳು ಬರುವ ಹೊತ್ತಿಗೇ ನಾನು ಮನೆ ಬಿಡತೊಡಗಿದೆ. ಅವಳ ಹೊಲದ ತನಕ ಜೊತೆಗೆ. ಸೊಸೆ, ಎಮ್ಮೆ, ಮೊಣಕಾಲ ನೋವು... ಅವಳು ಹೇಳುತ್ತಾಳೆ, ನಾನು ಹೂಂಗುಡುತ್ತೇನೆ.

ಕಳೆ ಮುಗಿಯಿತು. ಹೆಂಗಸರು ಆ ದಾರಿಗೆ ಬರುವುದು ನಿಂತಿತು. ನಾನು ಒಬ್ಬಳೇ ನಡೆಯುತ್ತಲೇ ಇದ್ದೆ.

ಚಳಿಗಾಲದಲ್ಲಿ ಚೆಕಪ್ಪಿಗೆ ಗುಲಬರ್ಗಾಕ್ಕೆ ಹೋದೆ. ಮಷಿನಿನ ಮೇಲೆ ನಡೆಸಿ ನೋಡಿದರು. ಅಷ್ಟು ಹೊತ್ತು ನಡೆದರೂ ನೋವು ಬರಲಿಲ್ಲ. ಡಾಕ್ಟರಿಗೆ ಖುಷಿಯೋ ಖುಷಿ.

ಹೊರಗೆ ಬಂದು ಎಸ್‌ಟಿಡಿ ಬೂತಿನ ಮುಂದೆ ನಿಂತೆ. ಅಣ್ಣ ಹೊಲದಲ್ಲಿರುತ್ತಾನೆ. ನನಗೆ ಹೇಳಬೇಕು ಅನಿಸಿದ್ದು ಸೇತುವೆ ಕಟ್ಟೆ ಮೇಲೆ ಪಕ್ಕ ಕೂತಿದ್ದ ಅವಳಿಗೆ.

ಆದರೆ ಅಷ್ಟು ದಿನ ಅಕ್ಕ, ತಂಗಿ ಅನ್ನುವುದರಲ್ಲೇ ಕಳೆದುಹೋಗಿತ್ತು. ಹೆಸರು ಕೇಳಿರಲೇ ಇಲ್ಲ.

ಬೂತಿನವನು ಯಾವ ಊರಿಗೆ ಫೋನ್ ಹಚ್ಚಲಿ ಅಂತ ಕೇಳಿದ. ಬೇಡ ಅಂದು ಬಸ್ ಹತ್ತಿದೆ.

ಒಳ್ಳೆಯ ಸುದ್ದಿ ಬಂದಾಗ ನೀವು ಮೊದಲು ಯಾರಿಗೆ ಹೇಳುತ್ತೀರಿ?