ವೆಂಡಲ್ ಗೋಡೆಗೆ ಹಚ್ಚಿದ ಕಾಗದ

ನಮ್ಮ ತೊಟ್ಟಿಲ ಕಾರ್ಖಾನೆಯಲ್ಲಿ ವೆಂಡಲ್ ಸ್ಟಟ್ಸ್‌ಮನ್‌ನನ್ನು ಕಂಡರೆ ಆಗದವರು ಯಾರೂ ಇರಲಿಲ್ಲ. ಮೀಸೆ ಚಿಗುರುವ ವಯಸ್ಸಿಗೇ ಮರ ಕೊಯ್ಯುವ ಯಂತ್ರಕ್ಕೆ ಬಂದವನು. ಯಾರ ಕಾರು ಕೆಟ್ಟರೂ ಊಟದ ಬಿಡುವಿನಲ್ಲಿ ಅದರ ಕೆಳಗೆ ಮಲಗಿರುತ್ತಿದ್ದ. ಕಳೆದ ವಸಂತದಲ್ಲಿ ಮ್ಯಾನೇಜರ್ ಪ್ರೂಯಿಟ್ ಅವನನ್ನು ಇಂಡಿಯಾನಾಪೊಲಿಸ್‌ಗೆ ಕೆಲಸ ಎಲ್ಲಿ ತಡವಾಗುತ್ತದೆ ಎಂದು ಪತ್ತೆಹಚ್ಚುವ ತರಬೇತಿಗೆ ಕಳಿಸಿದರು. ವಾಪಸು ಬರುವಾಗ ಕಂದು ಕಾಗದದ ಒಂದು ದೊಡ್ಡ ಸುರುಳಿ ತಂದ.

ಆಗ ನಾವೆಲ್ಲ ಹೆದರಿ ಕೂತಿದ್ದೆವು. ನಮ್ಮ ತೊಟ್ಟಿಲು ಕೊಳ್ಳುವ ದೊಡ್ಡ ಅಂಗಡಿಯವರು ಗಡುವು ಕೊಟ್ಟಿದ್ದರು: ಕ್ರಿಸ್‌ಮಸ್‌ನೊಳಗೆ ಸರಕು ಹೊತ್ತಿಗೆ ಸರಿಯಾಗಿ ಬರದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ. ಅವರು ಹೋದರೆ ಕಾರ್ಖಾನೆ ಇಲ್ಲ, ಕಾರ್ಖಾನೆ ಹೋದರೆ ಆರೋಗ್ಯ ವಿಮೆ ಇಲ್ಲ. ಲಾರಿಗಳ ರವಾನೆ ನೋಡುವ ನನಗೆ, ಅಂಗಡಿಯಿಂದ ಫೋನು ಬಂದಾಗಲೆಲ್ಲ ಮೊದಲು ನೆನಪಾಗುತ್ತಿದ್ದುದು ನನ್ನ ಮಗುವಿನ ಉಬ್ಬಸದ ಔಷಧಿ.

ವೆಂಡಲ್ ಊಟದ ಕೋಣೆಯ ಗೋಡೆಯುದ್ದಕ್ಕೂ ಕಾಗದ ಹಚ್ಚಿದ. ಮರ ಬರುವಲ್ಲಿಂದ ಲಾರಿ ಹೊರಡುವವರೆಗೆ ಒಂದೊಂದು ಕೆಲಸಕ್ಕೂ ಒಂದೊಂದು ಹಳದಿ ಚೀಟಿ. ಎಲ್ಲಿ ಕೆಲಸ ನಿಲ್ಲುತ್ತದೋ, ಹಿಂದಕ್ಕೆ ಬರುತ್ತದೋ ಅಲ್ಲಿ ನೀಲಿ ಚೀಟಿ.

"ಹೆಸರು ಬರೀಬೇಡಿ, ಕೆಲಸ ಬರೀರಿ. ಈ ಕಾಗದದಿಂದ ಯಾರ ನೌಕರೀನೂ ಹೋಗಲ್ಲ. ಪ್ರೂಯಿಟ್ ನಂಗೆ ಮಾತು ಕೊಟ್ಟಿದಾರೆ," ಅಂದ.

ತಪಾಸಣೆಯಲ್ಲಿ ನಪಾಸಾದ ತೊಟ್ಟಿಲುಗಳನ್ನು ಹಿಂದಿನ ಮೂಲೆಯಲ್ಲಿ ಉಜ್ಜಿ ಮತ್ತೆ ಬಣ್ಣ ಹಚ್ಚುತ್ತಿದ್ದವಳು ಲವಾನ್ ಒಬ್ಬಳೇ. ಅವಳು ಸ್ಯಾಂಡ್‌ವಿಚ್ ಕೆಳಗಿಟ್ಟು ನಕ್ಕಳು. "ಒಂದ್ ಕೆಲಸಕ್ಕೆ ಒಬ್ರೇ ಇರೋ ಕಡೆ ಹೆಸರು ಬರೆದ್ರೇನು ಬಿಟ್ರೇನೋ ಮಾರಾಯ?"

"ನೀನು ಬರೀದಿದ್ರೆ ಎಲ್ಲಿ ಸಿಕ್ಕಾಕ್ಕೊಂಡಿದೆ ಅಂತ ಯಾರಿಗೂ ಕಾಣಲ್ಲ ಅಕ್ಕಾ."

"ಆಯ್ತು. ನಿನ್ನ ಮುಖ ನೋಡಿ ಬರೀತೀನಿ, ಆ ಪ್ರೂಯಿಟ್ ಮುಖ ನೋಡಿ ಅಲ್ಲ." ನೀಲಿ ಚೀಟಿ ಅಂಟಿಸಿದಳು.

ಅದರಿಂದಲೇ ಗುಟ್ಟು ಹೊರಬಿತ್ತು. ಮರದ ಧೂಳು ಒರೆಸುವ ಮೊದಲೇ ಬಣ್ಣ ಹೊಡೆಯುತ್ತಿದ್ದರು. ಸರದಿ ಬದಲಾಯಿಸಿದರು, ಹಿಂದಕ್ಕೆ ಬರುವ ತೊಟ್ಟಿಲುಗಳು ನಿಂತೇ ಹೋದವು. ವೆಂಡಲ್ ಎಲ್ಲರಿಗೂ ಡೋನಟ್ ತಂದ. ಆ ವಾರವೇ ಪ್ರೂಯಿಟ್ ಲವಾನ್‌ಳನ್ನು ಒಳಗೆ ಕರೆದು, ಕೆಲಸದಿಂದ ತೆಗೆದು ಮನೆಗೆ ಕಳಿಸಿದರು.

ಪ್ರೂಯಿಟ್ ಕೋಣೆಯ ಬಾಗಿಲು ತೆರೆದೇ ಇತ್ತು. ವೆಂಡಲ್‌ನ ಮಾತು ನನ್ನ ಮೇಜಿಗೂ ಕೇಳಿಸಿತು. "ನೀವು ಮಾತು ಕೊಟ್ಟಿದ್ರಿ ಸಾರ್."

"ಕಾಗದದಿಂದ ಹೋಗಿದ್ದಲ್ಲಪ್ಪ. ಆ ಮೂಲೇಲಿ ಈಗ ಕೆಲಸ ಎಲ್ಲಿದೆ, ನೀನೇ ಹೇಳು."

ಲವಾನ್‌ಳ ಗಂಡನಿಗೆ ಮೂತ್ರಪಿಂಡದ ಕಾಯಿಲೆ. ಅವಳು ಏಪ್ರನ್ ಮಡಿಚಿ ಹೊರಡುವಾಗ ವೆಂಡಲ್ ಎದುರಿಗೆ ಹೋಗಿ ನಿಂತ. ಅವಳು ಬಯ್ಯಲಿಲ್ಲ, ಪಕ್ಕಕ್ಕೆ ಸರಿದು ಹೋದಳು.

ತೊಟ್ಟಿಲು ಸರಿಯಾದರೂ ಲಾರಿಗಳು ಹೊತ್ತಿಗೆ ಹೊರಡುತ್ತಿರಲಿಲ್ಲ. ಸೆಪ್ಟೆಂಬರ್‌ನಲ್ಲಿ ಪ್ಯಾಕಿಂಗ್ ವಿಭಾಗಕ್ಕಾಗಿ ಇನ್ನೊಂದು ಕಾಗದ ಬಂತು. ಬೋಲ್ಟಿನ ಪೊಟ್ಟಣಗಳು ಕಡಿಮೆ ಬರುತ್ತವೆ, ಅದಕ್ಕೇ ಪ್ಯಾಕಿಂಗಿನ ಕರ್ಟಿಸ್ ಡಬ್ಬಗಳನ್ನು ಬಿಚ್ಚಿ ಮತ್ತೆ ಕಟ್ಟುತ್ತಾನೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಆದರೂ ಕಾಗದದ ತುಂಬ ಹಳದಿಯೇ ಬಿತ್ತು, ಒಂದೂ ನೀಲಿ ಚೀಟಿ ಇಲ್ಲ.

"ಎಲ್ಲೂ ತೊಂದರೆ ಇಲ್ವಾ?" ವೆಂಡಲ್ ಕೇಳಿದ.

"ಎಲ್ಲಾ ಸರಾಗ ಕಣಪ್ಪ," ಅಂದ ಕರ್ಟಿಸ್. "ಬೆಣ್ಣೇಲಿ ಚಾಕು ಹೋದ ಹಾಗೆ."

ವೆಂಡಲ್ ನನ್ನ ಮೇಜಿಗೆ ಬಂದ. "ನೀನಾದ್ರೂ ಹೇಳಮ್ಮ. ಲಾರಿ ಯಾಕೆ ನಿಲ್ಲುತ್ತೆ?"

ಕರ್ಟಿಸ್‌ಗೆ ಮೂವರು ಮಕ್ಕಳು. ನಾಳೆ ನನ್ನ ಮೇಜಿಗೂ ಒಂದು ಕಾಗದ ಬರಬಹುದು. "ರಸ್ತೆ ಕೆಲಸ ನಡೀತಿದೆಯಲ್ಲ," ಅಂದೆ.

ಅವನು ಎಲ್ಲ ಗೊತ್ತಿದ್ದೂ ಒತ್ತಾಯ ಮಾಡಲಿಲ್ಲ. ಪ್ರೂಯಿಟ್ ಕೇಳಿದಾಗ, ಒಳಗೆ ಏನೂ ತಪ್ಪಿಲ್ಲ, ತಡವೆಲ್ಲ ಹೊರಗಡೆಯದು ಎಂದ. ಅವನ ಬಾಯಿಂದ ಸುಳ್ಳು ಕೇಳಿದ್ದು ಅದೇ ಮೊದಲು.

ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುಂಚೆಯೇ, ಗಡುವಿಗೂ ಕಾಯದೆ ಅಂಗಡಿಯವರು ಕೈಬಿಟ್ಟರು. ಈಗ ಪ್ರೂಯಿಟ್ ಅವನಿಗೆ ಕಡೆಯ ಕಾಗದ ಒಪ್ಪಿಸಿದ್ದಾರೆ: ಯಾವ ಯಂತ್ರ ಮೊದಲು ಬಿಚ್ಚಬೇಕು, ಯಾವ ವಿಭಾಗಕ್ಕೆ ಮೊದಲು ಬೀಗ ಬೀಳಬೇಕು. ನಾವು ಊಟ ಮಾಡುತ್ತಿರುವಾಗಲೇ ಅವನು ಗೋಡೆಗೆ ಮುಖ ಮಾಡಿ ಒಬ್ಬನೇ ಅಂಟಿಸುತ್ತಾನೆ. ಯಾರನ್ನೂ ಏನೂ ಕೇಳುವುದಿಲ್ಲ.