ಅರಬ್ಬರ ಚಟ್ನಿಯ ವಾಸನೆ

ಎಳ್ಳು ಹುರಿಯುವ ಮೊದಲು ನಾನು ಈಗ ಮೆಟ್ಟಿಲಿಳಿದು ಕೆಳಗೆ ಹೋಗುತ್ತೇನೆ. ಕೆಳಗಿನ ಮನೆಗೆ ಬೀಗ ಹಾಕಿದೆ. ಆ ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕುಳಿತು, ತಲೆ ಬಗ್ಗಿಸಿ, ಹೊಸ್ತಿಲ ಸಂದಿಗೆ ಮೂಗು ತಂದು ಉಸಿರೆಳೆಯುತ್ತೇನೆ. ಮುಚ್ಚಿದ ಮನೆಯ ಧೂಳಿನ ವಾಸನೆ, ಬೇರೇನೂ ಇಲ್ಲ. ಒಳಗಿದ್ದ ಸಿಲಿಂಡರನ್ನು ಏಜೆನ್ಸಿಯವರು ಕೊಂಡುಹೋಗಿ ನಾಲ್ಕು ತಿಂಗಳಾಯಿತು. ಅದು ನನಗೆ ಗೊತ್ತು. ಆದರೂ ಒಮ್ಮೆ ನೋಡಿ ಬರದೆ ನನ್ನ ಕೈ ಒಲೆಯ ಕಡೆ ಹೋಗುವುದಿಲ್ಲ.

ಆ ಮನೆಯಲ್ಲಿದ್ದವರನ್ನು ನಾನು ಅಕ್ಕ ಎಂದು ಕರೆಯುತ್ತಿದ್ದೆ. ಅವರು ನನ್ನನ್ನು ಬಾಯಮ್ಮ ಎನ್ನುತ್ತಿದ್ದರು. ನಮ್ಮೂರಲ್ಲಿ ತುಳು ಮಾತಾಡುವವರು ಕೊಂಕಣಿ ಕ್ರಿಶ್ಚಿಯನ್ ಹೆಂಗಸರನ್ನು ಹಾಗೇ ಕರೆಯುವುದು. ಮಸ್ಕತ್‌ನ ಶಾಲೆಯೊಂದರಲ್ಲಿ ಹತ್ತೊಂಬತ್ತು ವರ್ಷ ವಿಜ್ಞಾನ ಕಲಿಸಿ, ಕೆಲಸ ಮುಗಿಸಿಕೊಂಡು ಬಂದು ಕುದ್ರೋಳಿಯ ಈ ಹಳೆಯ ಮೂರಂತಸ್ತಿನ ಕಟ್ಟಡದ ನಡುವಿನ ಮನೆ ಹಿಡಿದಾಗ, ನನಗೆ ಊರಿನಲ್ಲಿ ಹೇಳಿಕೊಳ್ಳುವಂಥ ಯಾರೂ ಉಳಿದಿರಲಿಲ್ಲ. ಮದುವೆಯಾಗಿರಲಿಲ್ಲ. ಇದ್ದ ಒಬ್ಬ ಅಣ್ಣ ಮಸ್ಕತ್‌ನಲ್ಲೇ ಉಳಿದ. ಕೆಳಗಿನ ಮನೆಯ ಅಕ್ಕನ ಗಂಡ ದುಬೈಯಲ್ಲಿ ಡ್ರೈವರ್. ಅವರು ಎರಡು ವರ್ಷಕ್ಕೊಮ್ಮೆ ಬಂದು ಹೋಗುವ ನಡುವೆ ಅಕ್ಕ ಹತ್ತಿರದ ಪಿ.ಜಿ.ಯ ಹುಡುಗಿಯರಿಗೆ ಊಟ ಮಾಡಿ ಕೊಡುತ್ತಿದ್ದರು. ಮೇಲಿನ ಮನೆಯಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ಸರ್ ಇದ್ದಾರೆ. ಇಡೀ ಕಟ್ಟಡಕ್ಕೆ ನಾವು ಮೂವರು.

ಅಕ್ಕನ ಪರಿಚಯವಾದದ್ದು ತಹಿನಿಯಿಂದ. ಮಸ್ಕತ್‌ನಲ್ಲಿ ನನ್ನೊಡನೆ ಒಂದೇ ಫ್ಲ್ಯಾಟಿನಲ್ಲಿದ್ದ ಜೋರ್ಡಾನಿನ ಟೀಚರ್ ಅದನ್ನು ಕಲಿಸಿದ್ದರು. ಸಿಪ್ಪೆ ತೆಗೆದ ಬಿಳಿ ಎಳ್ಳನ್ನು ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ, ಎಣ್ಣೆ ಹಾಕಿ ನುಣ್ಣಗೆ ಅರೆದರೆ ತಹಿನಿ. ಅದಕ್ಕೆ ಉಪ್ಪಿನ ಜೊತೆ ಜಜ್ಜಿದ ಹಸಿ ಬೆಳ್ಳುಳ್ಳಿ, ನಿಂಬೆರಸ, ತಣ್ಣೀರು ಸೇರಿಸಿದರೆ ಸಾಸ್. ಅಂಗಡಿಯ ಬಾಟಲಿ ಇಲ್ಲಿಯೂ ಸಿಗುತ್ತದೆ, ಆದರೆ ಅದರಲ್ಲಿ ಆ ಅಡಿಗೆಮನೆ ಇರುವುದಿಲ್ಲ. ಇಲ್ಲಿಗೆ ಬಂದು ಮೊದಲ ಸಲ ಮಾಡಿದಾಗ ಎಳ್ಳು ಕೆಂಪಾಗುವವರೆಗೆ ಹುರಿದುಬಿಟ್ಟೆ. ಅಮ್ಮನ ಅಡಿಗೆಮನೆಯಲ್ಲಿ ಮಸಾಲೆ ಹುರಿದು ಕಲಿತ ಕೈ, ಬಣ್ಣ ಬರುವ ಮೊದಲೇ ಇಳಿಸಲು ಒಪ್ಪಲಿಲ್ಲ. ವಾಸನೆಗೆ ಕೆಳಗಿನಿಂದ ಅಕ್ಕ ಹತ್ತಿ ಬಂದರು.

"ಎಂತ ಬಾಯಮ್ಮ, ಕೋರಿಗಸಿಗೆ ಮಸಾಲೆ ಹುರಿಯುವುದಾ? ಇವತ್ತು ಶುಕ್ರವಾರ, ನೀವು ಕೋಳಿ ತಿನ್ನುವುದಿಲ್ಲ ಅಲ್ವಾ?"

ನಾನು ವಿವರಿಸಿದೆ. ಅವರು ಬೆರಳ ತುದಿಯಲ್ಲಿ ಒಂದಿಷ್ಟು ನೆಕ್ಕಿ ಮುಖ ಕಿವುಚಿದರು. "ಅಯ್ಯೋ, ಕಹಿ! ಇದನ್ನು ತಿಂದು ಆ ಅರಬ್ಬರು ಪೆಟ್ರೋಲಿನಲ್ಲಿ ಬಾಯಿ ತೊಳೀತಾರಾ?"

ಎರಡನೆಯ ಸಲ ಅವರ ಮಾತು ಕೇಳಿ ತೆಂಗಿನೆಣ್ಣೆ ಹಾಕಿದೆ. ಅದು ಎಳ್ಳನ್ನು ಪೂರ್ತಿ ನುಂಗಿಹಾಕಿತು. ಮೂರನೆಯ ಸಲ ಸರಿಯಾಯಿತು. ತಹಿನಿಗೆ ಮೊದಲ ಚಮಚ ನೀರು ಬಿದ್ದಾಗ ಅದು ಸಡಿಲಾಗುವ ಬದಲು ಕಲಸಿಟ್ಟ ಸಿಮೆಂಟಿನ ಹಾಗೆ ಬಿಗಿಯುತ್ತದೆ. ಪಕ್ಕದಲ್ಲಿ ನಿಂತಿದ್ದ ಅಕ್ಕ "ಹೋಯ್ತು, ಹಾಳಾಯ್ತು" ಎಂದರು. ಹೆದರದೆ ಇನ್ನೂ ನೀರು ಹಾಕುತ್ತಾ ಹೋದರೆ, ಒಂದು ಹಂತದಲ್ಲಿ ಬಣ್ಣ ಬೆಳ್ಳಗಾಗಿ, ನೀರುದೋಸೆಯ ಹಿಟ್ಟಿನಂತೆ ಹರಿಯತೊಡಗುತ್ತದೆ. ಅಕ್ಕ ಅದನ್ನು ನೋಡಿ ಮಕ್ಕಳಂತೆ ಚಪ್ಪಾಳೆ ತಟ್ಟಿದರು. ಅದಕ್ಕೆ ಅರಬ್ಬರ ಚಟ್ನಿ ಎಂದು ಹೆಸರಿಟ್ಟವರೂ ಅವರೇ. ಕಾಯಿಸಿದ ಬೂತಾಯಿ ಮೀನಿಗೆ, ಬೇಯಿಸಿದ ಮರಗೆಣಸಿಗೆ, ಕೊನೆಗೆ ಬರಿಯ ಗಂಜಿಗೂ ಅವರು ಅದನ್ನು ಹಚ್ಚಿಕೊಂಡು ಉಣ್ಣತೊಡಗಿದರು. ಪ್ರತಿ ವಾರ ಒಂದು ಬಾಟಲಿ ನಾನು ಕೆಳಗೆ ಕೊಂಡುಹೋಗುವುದು ಪದ್ಧತಿಯಾಯಿತು.

ಮೊದಲ ಬಾಟಲಿ ಚಾಚಿದಾಗ ಅವರು ಕೈಯನ್ನು ಹಿಂದಕ್ಕೆಳೆದುಕೊಂಡಿದ್ದರು.

"ಕೈಗೆ ಕೊಡಬೇಡಿ, ಕೆಳಗೆ ಇಡಿ. ಎಳ್ಳು ಕೈಯಿಂದ ಕೈಗೆ ಕೊಟ್ಟರೆ ಜಗಳ ಆಗ್ತದೆ ಅಂತ ನಮ್ಮಲ್ಲಿ."

"ಇದು ಎಳ್ಳಲ್ಲ ಅಕ್ಕ, ಅರೆದದ್ದು."

"ಅರೆದ ಕೂಡ್ಲೇ ಅದರ ಜಾತಿ ಬದಲಾಗ್ತದಾ ಮಾರಾಯ್ರೆ? ಇಡಿ ಕೆಳಗೆ. ಈ ಕಟ್ಟಡದಲ್ಲಿ ಮಾತಾಡ್ಲಿಕ್ಕೆ ಇರುವುದೇ ನಾವಿಬ್ಬರು. ಜಗಳ ಆದರೆ ಗೋಡೆ ಹತ್ರ ಮಾತಾಡುವುದಾ?"

ಅಂದಿನಿಂದ ನಾನು ಬಗ್ಗಿ ಬಾಟಲಿಯನ್ನು ಹೊಸ್ತಿಲ ಹೊರಗಿನ ಮೆಟ್ಟಿಲಲ್ಲಿ ಇಡುವುದು, ಅವರು ಬಗ್ಗಿ ಎತ್ತಿಕೊಳ್ಳುವುದು.

ಆ ದಿನವೂ ಹಾಗೇ ಆಗಬೇಕಿತ್ತು. ಮಧ್ಯಾಹ್ನ ನಾಲ್ಕರ ಹೊತ್ತು. ನಾನು ಬೆಳ್ಳುಳ್ಳಿ ಜಜ್ಜುತ್ತಿದ್ದೆ. ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಮೇಲಿನ ಮನೆಯ ಸರ್, ಕೈಯಲ್ಲಿ ತರಕಾರಿ ಚೀಲ, ಮೂಗಿಗೆ ಕರವಸ್ತ್ರ.

"ಟೀಚರ್, ಇವತ್ತು ಬೆಳ್ಳುಳ್ಳಿ ಸ್ವಲ್ಪ ಜೋರಾಯ್ತು. ಕೆಳಗಿನ ಮೆಟ್ಟಿಲವರೆಗೂ ಉಂಟು."

ಬಾಗಿಲು ತೆರೆದಾಗ ಅದು ನನ್ನ ಮೂಗಿಗೂ ಬಡಿದಿತ್ತು. ನಾನು ಬೆರಳು ಮೂಸಿ ನೋಡಿದೆ. ಬೆಳ್ಳುಳ್ಳಿ. "ಸಾರಿ ಸರ್, ಬಾಗಿಲು ಹಾಕಿಕೊಳ್ತೇನೆ" ಎಂದು ಹೇಳಿ ಬಾಗಿಲು ಹಾಕಿ, ಎಕ್ಸಾಸ್ಟ್ ಫ್ಯಾನ್ ಹಚ್ಚಿದೆ. ಅವರು ಮೇಲೆ ಹೋದರು. ನಾನು ನಿಂಬೆ ಹಿಂಡಿದೆ, ನೀರು ಬೆರೆಸಿದೆ, ರುಚಿ ನೋಡಿದೆ, ಇನ್ನೊಂದು ಚಿಟಿಕೆ ಉಪ್ಪು ಹಾಕಿದೆ, ಬಾಟಲಿಗೆ ತುಂಬಿಸಿ ಬಾಯಿ ಒರೆಸಿದೆ. ಗ್ಯಾಸು ಗಾಳಿಗಿಂತ ಭಾರ, ಅದು ನೆಲ ಹಿಡಿದು ಹರಡುತ್ತದೆ, ನಮಗೆ ತಿಳಿಯಲೆಂದೇ ಅದಕ್ಕೆ ದುರ್ವಾಸನೆ ಬೆರೆಸಿರುತ್ತಾರೆ ಎಂದು ವರ್ಷ ವರ್ಷವೂ ಮಕ್ಕಳಿಗೆ ಹೇಳಿದವಳು ನಾನು. ಆದರೂ ಆ ಚಟ್ನಿ ಮಾಡಿ ಮುಗಿಸಲು ಇಪ್ಪತ್ತು ನಿಮಿಷ ತೆಗೆದುಕೊಂಡೆ.

ಒಂದು ಕೈಯಲ್ಲಿ ಬಾಟಲಿ, ಇನ್ನೊಂದರಲ್ಲಿ ಮರಗೆಣಸಿನ ತಟ್ಟೆ ಹಿಡಿದು ಕೆಳಗಿಳಿದೆ. ಯಾವಾಗಲೂ ಓರೆಯಾಗಿ ತೆರೆದಿರುತ್ತಿದ್ದ ಬಾಗಿಲು ಮುಚ್ಚಿತ್ತು. ಬೆಲ್ ಒತ್ತಲು ಕೈ ಖಾಲಿ ಬೇಕಲ್ಲ. ಬಾಟಲಿ ಇಡಲೆಂದು ಬಗ್ಗಿದೆ. ಬಗ್ಗಿದವಳಿಗೆ ಉಸಿರು ಕಟ್ಟಿತು. ನೆಲದ ಹತ್ತಿರ ಇದ್ದದ್ದು ಬೆಳ್ಳುಳ್ಳಿಯ ವಾಸನೆಯಲ್ಲ. ಆದರೆ ಬುದ್ಧಿಗೆ ಅದು ಮುಟ್ಟುವ ಮೊದಲೇ ನಾನು ಅಭ್ಯಾಸದಂತೆ ಎದ್ದು ನಿಂತಿದ್ದೆ, ಬೆರಳು ಬೆಲ್ಲಿನ ಸ್ವಿಚ್ಚಿನ ಮೇಲಿತ್ತು. ಸ್ವಿಚ್ಚಿನ ತಣ್ಣನೆಯ ಪ್ಲಾಸ್ಟಿಕ್ ಬೆರಳಿಗೆ ತಾಗಿದ್ದು ನೆನಪಿದೆ. ಒತ್ತಲಿಲ್ಲ. ಯಾಕೆ ಒತ್ತಲಿಲ್ಲ ಎಂಬುದು ನೆನಪಿಲ್ಲ.

ಅಂಗೈಯಿಂದ ಬಾಗಿಲು ಬಡಿದು ಕೂಗಿದೆ. ಉತ್ತರವಿಲ್ಲ. ನನ್ನ ಕೂಗಿಗೆ ಸರ್ ಇಳಿದು ಬಂದರು. ಮೆಟ್ಟಿಲ ತಿರುವು ಕತ್ತಲೆ. ಅವರ ಕೈ ಗೋಡೆಯ ಲೈಟಿನ ಸ್ವಿಚ್ ಹುಡುಕುತ್ತಿತ್ತು.

"ಸ್ವಿಚ್ ಮುಟ್ಟಬೇಡಿ! ಗ್ಯಾಸ್!"

ತರಗತಿಯಲ್ಲಿ ಕೂಡ ನಾನು ಹಾಗೆ ಕಿರುಚಿದವಳಲ್ಲ. ಅವರ ಕೈ ಗೋಡೆಯಲ್ಲೇ ನಿಂತಿತು. ಇಬ್ಬರೂ ಹಿತ್ತಲಿಗೆ ಓಡಿದೆವು. ಹಿಂಬಾಗಿಲಿಗೆ ಒಳಗಿನಿಂದ ಹಳೆಯ ಮರದ ಚಿಲಕ. ಎರಡು ಸಲ ಭುಜ ಕೊಟ್ಟಾಗ ಕಿತ್ತುಬಂತು. ಒಲೆಯ ಮೇಲೆ ಕುಚ್ಚಲಕ್ಕಿ ಗಂಜಿಯ ಪಾತ್ರೆ, ಉಕ್ಕಿ ಹರಿದು ಉರಿ ಆರಿಸಿದ ತಿಳಿ, ತೆರೆದೇ ಇದ್ದ ಬರ್ನರ್. ಉಸಿರು ಬಿಗಿಹಿಡಿದು ಸಿಲಿಂಡರ್ ಬಂದ್ ಮಾಡಿದೆ. ಅಡಿಗೆಮನೆಗೆ ತಾಗಿದ ಕೋಣೆಯಲ್ಲಿ ಅಕ್ಕ ನೆಲದ ಮೇಲೆ ಚಾಪೆ ಹಾಸಿ ಮಲಗಿದ್ದರು. ನೆಗಡಿಗೆ ಮಾತ್ರೆ ನುಂಗಿ, ಗಂಜಿ ಬೇಯುವವರೆಗೆಂದು ತಲೆ ಇಟ್ಟವರು. ಕಟ್ಟಿದ ಮೂಗಿಗೆ ಯಾವ ವಾಸನೆಯೂ ಬಂದಿರಲಿಲ್ಲ. ನಾವಿಬ್ಬರೂ ಹಿಡಿದೆಳೆದು ಹಿತ್ತಲ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ತಂದೆವು. ಕಣ್ಣು ಬಿಟ್ಟರು, ವಾಂತಿ ಮಾಡಿದರು.

ಎರಡು ದಿನ ಆಸ್ಪತ್ರೆಯಲ್ಲಿದ್ದರು. ಆಮೇಲೆ ಅವರ ತಂಗಿ ಬಂದು ತೊಕ್ಕೊಟ್ಟಿನಲ್ಲಿರುವ ತಮ್ಮ ಮನೆಗೆ ಕರೆದುಕೊಂಡು ಹೋದರು. ಗ್ಯಾಸ್ ಏಜೆನ್ಸಿಯವರು ಬಂದು ನೋಡಿ, "ಬೆಲ್ ಯಾಕೆ ಬೇಕು ಮೇಡಂ, ಈ ಫ್ರಿಜ್ಜು ತಾನಾಗಿ ಆನ್ ಆಗಿದ್ದರೂ ಸಾಕಿತ್ತು, ಆ ಒಂದು ಕಿಡಿಗೆ ಮನೆಯೇ ಹಾರಿಹೋಗ್ತಿತ್ತು" ಎಂದರು. ಈಗ ನನ್ನ ಮನೆಯ ಫ್ರಿಜ್ಜು ಗುಂಯ್ ಎಂದಾಗಲೆಲ್ಲ ನಾನು ಕೈಯಲ್ಲಿದ್ದದ್ದನ್ನು ಕೆಳಗಿಡುತ್ತೇನೆ.

ಬೀದಿಯವರೆಲ್ಲ ನನ್ನನ್ನು ಹೊಗಳಿದರು. ಇಗರ್ಜಿಯಲ್ಲೂ ಇಬ್ಬರು ಬಂದು ಕೈ ಹಿಡಿದುಕೊಂಡರು. ಇಪ್ಪತ್ತು ನಿಮಿಷದ ವಿಷಯ ಗೊತ್ತಿದ್ದದ್ದು ಇಬ್ಬರಿಗೆ, ನನಗೆ ಮತ್ತು ಸರ್‌ಗೆ. ಅದರ ಬಗ್ಗೆ ನಾವು ಒಂದು ಮಾತೂ ಆಡಲಿಲ್ಲ. ಮೆಟ್ಟಿಲಲ್ಲಿ ನನ್ನ ಚಪ್ಪಲಿಯ ಸದ್ದು ಕೇಳಿದರೆ ಅವರು ಮೇಲೆಯೇ ನಿಲ್ಲುತ್ತಿದ್ದರು. ಅವರ ಕೆಮ್ಮು ಕೇಳಿದರೆ ನಾನು ಬಾಗಿಲು ತೆರೆಯುತ್ತಿರಲಿಲ್ಲ. ಗಡಿಬಿಡಿಯಲ್ಲಿ ಯಾರ ಕಾಲು ತಾಗಿತೋ, ಆ ದಿನದ ಬಾಟಲಿ ಅಕ್ಕನ ಮೆಟ್ಟಿಲಲ್ಲಿ ಒಡೆದಿತ್ತು. ಗಾಜು ಗುಡಿಸಿದೆ. ಎಣ್ಣೆಯ ಕಲೆಯನ್ನು ಸೋಪಿನ ಪುಡಿ ಹಾಕಿ ಮೂರು ಸಲ ಉಜ್ಜಿದೆ. ಇನ್ನೂ ಇದೆ.

ದಿನವಿಡೀ ಯಾರ ಧ್ವನಿಯೂ ಇಲ್ಲದೆ ಕಳೆಯುವುದು ನನಗೆ ಹೊಸತಲ್ಲ. ಆದರೆ ಈಗ ಆ ಮೌನದಲ್ಲಿ ನಾನು ಮತ್ತೆ ಮತ್ತೆ ಅದೇ ಬಾಗಿಲು ತೆರೆದು, ಅದೇ ‘ಸಾರಿ’ ಹೇಳಿ, ಅದೇ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಬೆಳ್ಳುಳ್ಳಿ ತರುವುದನ್ನೇ ಬಿಟ್ಟೆ. ಅಕ್ಕ ಫೋನಿನಲ್ಲಿ "ಒಮ್ಮೆ ಬನ್ನಿ ಬಾಯಮ್ಮ" ಎನ್ನುತ್ತಿದ್ದರು. ಅವರಿಗೆ ಹೇಳದೆ ಅವರ ಎದುರು ಕುಳಿತು ಚಾ ಕುಡಿಯಲು ನನ್ನಿಂದಾಗದು. ಹೇಳಿದರೆ ಚಾ ಕೊಡುವವರೂ ಇಲ್ಲದಾಗಬಹುದು. ನಾಲ್ಕು ತಿಂಗಳು ಹೀಗೇ ಕಳೆದೆ.

ಕಳೆದ ಭಾನುವಾರ ಇಗರ್ಜಿಯ ಪೂಜೆ ಮುಗಿಸಿ ಬಂದು ಒಂದು ಲೋಟ ಎಳ್ಳು ಹುರಿದೆ. ಬೆಳ್ಳುಳ್ಳಿಯಿಲ್ಲದೆ ಸಾಸ್ ಮಾಡಿ ಬಾಟಲಿಗೆ ತುಂಬಿಸಿಕೊಂಡು ಬಸ್ ಹತ್ತಿದೆ. ನೇತ್ರಾವತಿಯ ಸೇತುವೆ ದಾಟುವಾಗ ಬಾಟಲಿ ಮಡಿಲಲ್ಲಿ ಬೆಚ್ಚಗಿತ್ತು. ತಂಗಿಯ ಮನೆಯ ಜಗಲಿಯಲ್ಲಿ ಅಕ್ಕ ಕುಳಿತಿದ್ದರು, ಸ್ವಲ್ಪ ಇಳಿದುಹೋಗಿದ್ದರು. ನಾನು ಬಾಟಲಿಯನ್ನು ಮೆಟ್ಟಿಲಲ್ಲಿಟ್ಟೆ. ಅವರು ಎತ್ತಲು ಬಗ್ಗಿದಾಗ, "ತಡೀರಿ ಅಕ್ಕ, ಮೊದಲು ಒಂದು ಮಾತು ಕೇಳಿ" ಎಂದೆ.

ಹೇಳಿದೆ. ಸರ್ ಬಂದದ್ದು, ನಾನು ಬೆರಳು ಮೂಸಿದ್ದು, ಉಪ್ಪು ಸರಿಮಾಡಿದ್ದು. ಬಾಟಲಿ ನಮ್ಮಿಬ್ಬರ ನಡುವೆ ಮೆಟ್ಟಿಲಲ್ಲೇ ಇತ್ತು.

ಅಕ್ಕ ರಸ್ತೆಯ ಕಡೆ ತಿರುಗಿದರು. "ಇಪ್ಪತ್ತು ನಿಮಿಷ" ಎಂದರು. ಆಮೇಲೆ, "ನಾನು ಮಲಗಿದ್ದೆ ಬಾಯಮ್ಮ. ನನಗೆ ಆ ಇಪ್ಪತ್ತು ನಿಮಿಷ ಇಲ್ಲವೇ ಇಲ್ಲ. ಇರುವುದು ನಿಮಗೆ. ಅದನ್ನು ನಾನು ಹೇಗೆ ತೆಗೆದುಕೊಳ್ಳುವುದು, ಹೇಳಿ?"

ನಾನು ಬಾಟಲಿಯನ್ನು ಅವರ ಕಡೆ ಸ್ವಲ್ಪ ಸರಿಸಿದೆ.

"ಗಂಜಿ ಇಟ್ಟು ಮಲಗಿದವಳು ನಾನು. ನನ್ನ ತಂಗಿ ದಿನಾ ಅದನ್ನೇ ಬೈತಾಳೆ. ನೀವೂ ಇನ್ನು ಬೈದುಕೊಳ್ಳಬೇಡಿ, ಬೈಯಲಿಕ್ಕೆ ಒಬ್ಬಳು ಸಾಕು." ಬಗ್ಗಿ ಬಾಟಲಿ ಎತ್ತಿಕೊಂಡರು. ಮುಚ್ಚಳ ತೆಗೆದು ಬೆರಳಿಟ್ಟು ನೆಕ್ಕಿದರು. "ಇದೆಂತ? ಬೆಳ್ಳುಳ್ಳಿ ಎಲ್ಲಿ? ಪಥ್ಯದ ಚಟ್ನಿಯಾ?"

"ಬೆಳ್ಳುಳ್ಳಿ ಮುಟ್ಟಲಿಕ್ಕೆ ಆಗುವುದಿಲ್ಲ ಅಕ್ಕ."

"ಅದಿಲ್ಲದೆ ಇದು ಎಂತದ್ದು? ನಾನು ಆ ಮನೆಗೆ ಇನ್ನು ಬರುವುದಿಲ್ಲ. ನಿಮ್ಮ ಮೇಲೆ ಸಿಟ್ಟಲ್ಲ. ಒಲೆ ಹಚ್ಚುವ ಧೈರ್ಯ ಇಲ್ಲ, ತಂಗಿಯೇ ಅಡಿಗೆ ಮಾಡುವುದು. ಸಾಮಾನು ತೆಗೆಯಲಿಕ್ಕೆ ಜನ ಕಳಿಸ್ತೇನೆ." ಬಾಟಲಿಗೆ ಮುಚ್ಚಳ ಹಾಕುತ್ತಾ, "ನೀವು ಬನ್ನಿ. ಆದರೆ ಬೆಳ್ಳುಳ್ಳಿ ಹಾಕಿ ತನ್ನಿ" ಎಂದರು.

ಅವರು ಮರಳುತ್ತಾರೆಂದು ನಾನು ಇಷ್ಟು ದಿನ ಎಣಿಸಿದ್ದೆ ಎಂಬುದು ಬಸ್ಸಿನಲ್ಲಿ ಕುಳಿತ ಮೇಲೆ ತಿಳಿಯಿತು.

ಇವತ್ತು ಎಂಟು ಎಸಳು ಬೆಳ್ಳುಳ್ಳಿ ಸುಲಿದೆ. ಕೆಳಗೆ ಹೋಗಿ ಬೀಗದ ಬಾಗಿಲ ಮುಂದೆ ಮೂಸಿ ಬಂದೆ. ಕಿಟಕಿಗಳನ್ನೂ ಮುಂಬಾಗಿಲನ್ನೂ ತೆರೆದಿಟ್ಟು ಜಜ್ಜತೊಡಗಿದೆ. ಮೊದಲ ಏಟಿಗೇ ವಾಸನೆ ಮನೆ ತುಂಬಿತು. ಕೈ ನಿಂತಿತು. ಮೇಲಿನಿಂದ ಹೆಜ್ಜೆಯ ಸದ್ದು. ಸರ್ ತಿರುವಿನವರೆಗೆ ಬಂದು ನಿಂತರು. ನಾಲ್ಕು ತಿಂಗಳಲ್ಲಿ ಮೊದಲ ಮಾತು.

"ಟೀಚರ್, ಬೆಳ್ಳುಳ್ಳಿಯಾ?"

"ಹೌದು ಸರ್, ಬೆಳ್ಳುಳ್ಳಿ."

ಅವರು ಹಿಂದಿರುಗಲಿಲ್ಲ. ನನ್ನ ಬಾಗಿಲಿಗೆ ಬಂದು, ಮಂಡಿ ಹಿಡಿದುಕೊಂಡು ಕಷ್ಟದಿಂದ ಬಗ್ಗಿ, ನೆಲದ ಹತ್ತಿರ ಒಮ್ಮೆ ಉಸಿರೆಳೆದರು. ನಂತರ ಕೆಳಗಿಳಿದು ಹೋದದ್ದು, ಬೀಗದ ಬಾಗಿಲ ಮುಂದೆ ನಿಂತದ್ದು, ಮತ್ತೆ ಹತ್ತಿ ಬಂದದ್ದು ಕೇಳಿಸಿತು.

"ಬೆಳ್ಳುಳ್ಳಿಯೇ" ಎಂದರು. ಮೇಲೆ ಹೋದರು.

ನಾನು ಉಳಿದ ಎಸಳುಗಳನ್ನು ಜಜ್ಜಿದೆ.